ಕೊಳಗ ಯಾರ ಮನೆಯದು?

ನಮ್ಮೂರ ದೇವಸ್ಥಾನದಲ್ಲಿ ಆದ ತಾಳಮದ್ದಲೆಯನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ನಾಲ್ಕು ಗಂಟೆಯ ಪ್ರಸಂಗ, ಎರಡೂವರೆ ಜಿಬಿ ಫೈಲು. ಭಾಗವತರ ಮಗ ಬೆಂಗಳೂರಿನಲ್ಲಿದ್ದಾನೆ; ಮಲಗುವ ಮುಂಚೆ ನಿನಗೆ ಮುಟ್ಟಿಸ್ತೇನೆ ಅಂತ ಮಾತು ಕೊಟ್ಟಿದ್ದೆ.

ನನ್ನ ಇಂಟರ್ನೆಟ್ಟು ನೂರು ಎಂಬಿಪಿಎಸ್, ಅಂದರೆ ಸೆಕೆಂಡಿಗೆ ನೂರು ಮೆಗಾಬಿಟ್ ಸಾಗುವ ಪ್ಲಾನು. ತಿಂಗಳಿಗೆ 599, ತೆರಿಗೆ ಸೇರಿ 707 ರೂಪಾಯಿ. ಇಳಿಸುವುದಕ್ಕೂ ಏರಿಸುವುದಕ್ಕೂ ಒಂದೇ ವೇಗ ಅಂತ ಕೇಬಲಿನವರು ಹಂಚಿದ ಪಾಂಪ್ಲೆಟ್ಟಿನಲ್ಲೇ ಇತ್ತು. ಬಾಯಿಲೆಕ್ಕ ಹಾಕಿದೆ: ಒಂದು ಬೈಟಿಗೆ ಎಂಟು ಬಿಟ್, ಎರಡೂವರೆ ಜಿಬಿ ಅಂದರೆ 20,000 ಮೆಗಾಬಿಟ್, ನೂರರಿಂದ ಭಾಗಿಸಿದರೆ 200 ಸೆಕೆಂಡು. ಚಹಾ ಕುದಿಯುವಷ್ಟು ಹೊತ್ತು. ರಾತ್ರಿ ಒಂಬತ್ತೂಕಾಲಿಗೆ ಹಾಕಿದ್ದು ಮುಗಿದಾಗ ಹನ್ನೊಂದೂ ಮುಕ್ಕಾಲು. ಮತ್ತೆ ಭಾಗಿಸಿ ನೋಡಿದರೆ 2.2 ಎಂಬಿಪಿಎಸ್ ಬಂತು. ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅಂತ ಕರೆಸಿಕೊಳ್ಳಲು 2023ರಿಂದ ಕನಿಷ್ಠ 2 ಎಂಬಿಪಿಎಸ್ ಇರಬೇಕು ಅಂತ ಸರ್ಕಾರ ಹೇಳಿದೆ. ಅದು ಇಳಿಸುವ ವೇಗದ ಮಾತು, ಇರಲಿ. ಅಂತೂ ಕೂದಲೆಳೆಯಲ್ಲಿ ಪಾಸು.

ಬೆಳಿಗ್ಗೆ ಕೇಬಲ್ ಹುಡುಗನಿಗೆ ಫೋನ್ ಮಾಡಿದೆ. ಒಳ್ಳೆಯವನು, ಮಳೆಯಲ್ಲಿ ಮರ ಬಿದ್ದು ಫೈಬರ್ ಕಟ್ಟಾದಾಗ ಬ್ಯಾಟರಿ ಬಾಯಲ್ಲಿ ಕಚ್ಚಿಕೊಂಡು ಕಂಬ ಹತ್ತಿದವನು. ಹತ್ತು ಗಂಟೆಗೆ ಬಂದ. ಗೋಡೆಯ ಡಬ್ಬಿಯಿಂದ ಹಳದಿ ವೈರು ಬಿಚ್ಚಿ, ತುದಿಯನ್ನು ಬನಿಯನ್ ಬಟ್ಟೆಯಲ್ಲಿ ಒರೆಸಿ, ಫೈಬರಿನಲ್ಲಿ ಬರುವ ಬೆಳಕಿನ ಬಲ ಅಳೆಯುವ ಪವರ್ ಮೀಟರಿಗೆ ಚುಚ್ಚಿದ. ಮೈನಸ್ 22. "ಲೈನ್ ಕ್ಲೀನ್ ಉಂಟು ಅಕ್ಕಾ. ಮೈನಸ್ ಇಪ್ಪತ್ತೇಳು ದಾಟಿದ್ರೆ ಮಾತ್ರ ನಂಗೆ ತಲೆಬಿಸಿ" ಅಂದ. ಆಮೇಲೆ ತನ್ನ ಫೋನು ತೆಗೆದು ನೆಟ್ಟಿನ ವೇಗ ಅಳೆಯುವ ಸ್ಪೀಡ್‌ಟೆಸ್ಟ್ ಒತ್ತಿದ. ಮುಳ್ಳು ಸರ್ರನೆ ಬಲಕ್ಕೆ ಹೋಗಿ ನಿಂತಿತು. ಇಳಿಕೆ 97, ಏರಿಕೆ 96.

"ನೋಡಿ. ನೂರಕ್ಕೆ ತೊಂಬತ್ತೇಳು. ಡಿಸ್ಟಿಂಕ್ಷನ್ನು."

ನಾನೇ ಸುಳ್ಳು ಹೇಳಿದ ಹಾಗಾಯಿತು. ಅಮ್ಮ ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಳು. ಇಂಟರ್ನೆಟ್ ಅಂದರೆ ಅವಳಿಗೆ ವಾಟ್ಸ್ಯಾಪ್ ಮತ್ತು ಸಂಜೆಯ ಧಾರಾವಾಹಿ, ಅಷ್ಟೇ. ತಲೆ ಎತ್ತದೆ ಕೇಳಿದಳು: "ಅಳೆದದ್ದು ಯಾರ ಕೊಳಗದಲ್ಲಾ?"

ಸಾಗರದ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ: ಇದೇ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಒಡೆಯರ ಎದುರು ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಇಲ್ಲೇ ಬಂಧನಕ್ಕೊಳಗಾದರು. ಭೂಮಿಯ ಹಕ್ಕಿನ ಹೋರಾಟ ಅಂತ ಪಠ್ಯಪುಸ್ತಕದಲ್ಲಿ ಓದುತ್ತೇವೆ, ಹೌದು. ಆದರೆ ಕಿಡಿ ಹಾರಿದ ಜಾಗಗಳಲ್ಲಿ ಒಂದು ಬಹಳ ಸಣ್ಣದು, ಒಂದು ಪಾತ್ರೆಯಷ್ಟು ಸಣ್ಣದು. ಗೇಣಿಯ ಭತ್ತ ಅಳೆಯುತ್ತಿದ್ದ ಕೊಳಗ. ಅದು ಇರಬೇಕಾದ ಅಳತೆಗಿಂತ ದೊಡ್ಡದಿದೆ ಅಂತ ರೈತರ ತಕರಾರು. ಭತ್ತ ಬೆಳೆದವನು ಗೇಣಿದಾರ, ಸುರಿಯುವವನೂ ಅವನೇ, ಎಣಿಸುವುದು ಎಲ್ಲರ ಕಣ್ಣೆದುರಿಗೇ. ಒಂದು, ಎರಡು, ಮೂರು. ಎಣಿಕೆಯಲ್ಲಿ ಮೋಸವೇ ಇಲ್ಲ. ಪಾತ್ರೆ ಮಾತ್ರ ಒಡೆಯರ ಮನೆಯ ಅಟ್ಟದಿಂದ ಇಳಿದು ಬಂದದ್ದು. ನನ್ನ ಅಜ್ಜನೂ ಗೇಣಿ ಮಾಡುತ್ತಿದ್ದವರು. ಅವರ ಬಗ್ಗೆ ಅಮ್ಮ ಹೇಳುವ ಕತೆಗಳಲ್ಲಿ ಲೋಹಿಯಾ ಬರುವುದಿಲ್ಲ, ಕೊಳಗ ಬರುತ್ತದೆ.

ಹುಡುಗನ ಕೈಯಿಂದ ಫೋನು ಇಸಿದುಕೊಂಡು ನೋಡಿದೆ. ಸ್ಪೀಡ್‌ಟೆಸ್ಟ್ ಮುಳ್ಳಿನ ಕೆಳಗೆ ಸಣ್ಣ ಅಕ್ಷರದಲ್ಲಿ ಸರ್ವರಿನ, ಅಂದರೆ ಆ ತುದಿಯಲ್ಲಿ ಕೂತು ಉತ್ತರ ಕೊಡುವ ಕಂಪ್ಯೂಟರಿನ, ಹೆಸರು ಇರುತ್ತದೆ, ಯಾರೂ ಓದುವುದಿಲ್ಲ. ಇಲ್ಲಿ ಇದ್ದದ್ದು ನಮ್ಮ ಕೇಬಲಿನವರಿಗೆ ಸಂಪರ್ಕ ಕೊಡುವ ಮೇಲಿನ ಕಂಪನಿಯದೇ ಹೆಸರು.

ನಾನು ಊರಿಗೆ ವಾಪಸಾಗುವ ಮುಂಚೆ ಬೆಂಗಳೂರಿನ ಒಂದು ಕಂಪನಿಯ ನೆಟ್‌ವರ್ಕ್ ಕಂಟ್ರೋಲ್ ರೂಮಿನಲ್ಲಿ ಆರು ವರ್ಷ ರಾತ್ರಿಪಾಳಿ ಮಾಡಿದವಳು. ಹಾಗಾಗಿ ಇದು ನನಗೆ ಗೊತ್ತಿರಬೇಕಾದ ವಿಷಯವೇ. ಹೀಗಿದ್ದೂ ಎರಡು ವರ್ಷ ಅದೇ ಮುಳ್ಳು ನೋಡಿ ಸಮಾಧಾನ ಪಟ್ಟುಕೊಂಡಿದ್ದೆ. ವೇಗ ಅಂದರೆ ಒಂದು ತುದಿಯ ಸಂಗತಿ ಅಲ್ಲ. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಬಸ್ಸು ಎಷ್ಟು ಬೇಗ ಹೋಗ್ತದೆ" ಅಂತ ಕೇಳಿದರೆ "ಎಲ್ಲಿಗೆ" ಅಂತ ಮರುಪ್ರಶ್ನೆ ಬರುತ್ತದೆ. ಸ್ಪೀಡ್‌ಟೆಸ್ಟ್ ನಡೆಸುವ ಊಕ್ಲಾ 2006ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಶುರುವಾದ ಕಂಪನಿ. ಜಗತ್ತಿನ ತುಂಬ ಅದಕ್ಕೆ ಸಾವಿರಾರು ಸರ್ವರುಗಳಿವೆ, ಆದರೆ ಬಹುಪಾಲು ಅದರ ಸ್ವಂತದ್ದಲ್ಲ. ಇಂಟರ್ನೆಟ್ ಮಾರುವ ಕಂಪನಿಗಳೇ ತಮ್ಮ ಜಾಗದಲ್ಲಿ ಇಟ್ಟುಕೊಟ್ಟದ್ದು. ಆ್ಯಪ್ ಹತ್ತಿರದ, ಬೇಗ ಉತ್ತರ ಕೊಡುವ ಸರ್ವರನ್ನು ತಾನೇ ಆರಿಸಿಕೊಳ್ಳುತ್ತದೆ. ಅತಿ ಹತ್ತಿರದ್ದು ಸಹಜವಾಗಿ ಬಹಳ ಸಲ ನಿಮಗೆ ಮಾರಿದವನ ಅಂಗಳದ್ದೇ ಆಗಿರುತ್ತದೆ. ಮನೆಯಿಂದ ಊರ ಬಾಗಿಲವರೆಗೆ ರಸ್ತೆ ಚೆನ್ನಾಗಿದೆ ಅಂತ ಪರೀಕ್ಷೆ ಹೇಳುತ್ತದೆ, ಅದು ನಿಜವೂ ಹೌದು. ನನ್ನ ಫೈಲು ಹೋಗಬೇಕಾದದ್ದು ಊರಾಚೆ.

ಸರ್ವರ್ ಬದಲಿಸಿ ಮುಂಬೈನಲ್ಲಿರುವ, ಇವರಿಗೆ ಸಂಬಂಧವಿಲ್ಲದ ಒಂದನ್ನು ಒತ್ತಿದೆ. ಇಳಿಕೆ 41, ಏರಿಕೆ 9. ಅದೂ ಬೆಳಿಗ್ಗೆ ಹತ್ತೂವರೆಗೆ, ಊರವರೆಲ್ಲ ತೋಟದಲ್ಲಿರುವ ಹೊತ್ತು.

"ಅದು ಬಾಂಬೆ ಅಲ್ವಾ ಅಕ್ಕಾ, ದೂರ" ಅಂದ ಹುಡುಗ.

"ನೀನು ದುಡ್ಡು ತಗಳ್ಳೋದು ಸಾಗರದ ಒಳಗೆ ಓಡಾಡೋಕಾ ಮಾರಾಯ?"

ಅವನು ನಕ್ಕ, ಚಹಾ ಕುಡಿದ, ಹೋದ.

ಮಧ್ಯಾಹ್ನ ಲ್ಯಾಪ್‌ಟಾಪಿಗೆ ವೈರು ಚುಚ್ಚಿ ಕೂತೆ. ವೈಫೈ ನಂಬಿ ಯಾರ ಮೇಲೂ ದೂರು ಹೇಳಬಾರದು, ಅದರಲ್ಲೂ ನಮ್ಮಂಥ ದಪ್ಪ ಜಂಬಿಟ್ಟಿಗೆ ಗೋಡೆಯ ಮನೆಗಳಲ್ಲಿ. ಒಂದು ಜಿಬಿಯ ಫೈಲನ್ನು ಕಪ್ಪು ಪರದೆಯಲ್ಲಿ ಕರ್ಲ್ ಕಮಾಂಡ್ ಕೊಟ್ಟು ಇಳಿಸಲು ಹಾಕಿ, ಸೆಕೆಂಡಿಗೊಮ್ಮೆ ಬದಲಾಗುವ ಅಂಕಿಯನ್ನೇ ನೋಡುತ್ತಾ ಇದ್ದೆ. ಅಲ್ಲಿ ತೋರಿಸುವುದು ಮೆಗಾಬೈಟ್, ಎಂಟರಿಂದ ಗುಣಿಸಿಕೊಳ್ಳಬೇಕು. 11.4. 11.5. 11.4. ಅಂದರೆ ತೊಂಬತ್ತರ ಆಸುಪಾಸು. ಹದಿನಾಲ್ಕನೆಯ ಸೆಕೆಂಡಿಗೆ 7. ಆಮೇಲೆ 3. ಆಮೇಲೆ 2.2ಕ್ಕೆ ಬಂದು, ಗದ್ದೆಯ ಕೆಸರಿಗೆ ಇಳಿದ ಎತ್ತಿನ ಹಾಗೆ, ಅಲ್ಲೇ ನಡೆಯತೊಡಗಿತು. ಇನ್ನೊಂದು ಸಲ ಮಾಡಿದೆ. ಮತ್ತೆ ಹದಿನಾಲ್ಕು. ಅರ್ಧ ಗಂಟೆ ಬಿಟ್ಟು ಮಾಡಿದೆ. ಅಷ್ಟೇ.

ಸಣ್ಣ ಊರುಗಳ ಕೇಬಲ್ ಆಫೀಸುಗಳಲ್ಲಿ ಮೈಕ್ರೋಟಿಕ್ ಅನ್ನುವ ಕಂಪನಿಯ ರೂಟರುಗಳು ಹೆಚ್ಚು. ಅಗ್ಗ, ಗಟ್ಟಿ, ಬೇಕಾದ ಹಾಗೆ ಬಗ್ಗುತ್ತದೆ. ಅದರಲ್ಲಿ ಗಿರಾಕಿಯ ವೇಗ ಕಟ್ಟಿಹಾಕುವ ಪುಟದಲ್ಲಿ ಬರ್ಸ್ಟ್, ಅಂದರೆ ಸ್ವಲ್ಪ ಹೊತ್ತಿನ ಜಿಗಿತ, ಅಂತ ಮೂರು ಖಾನೆಗಳಿವೆ: ಗರಿಷ್ಠ ಎಷ್ಟಕ್ಕೆ ಬಿಡಬೇಕು, ಸರಾಸರಿ ಎಷ್ಟು ದಾಟಿದರೆ ನಿಲ್ಲಿಸಬೇಕು, ಆ ಸರಾಸರಿಯನ್ನು ಎಷ್ಟು ಸೆಕೆಂಡಿನ ಮೇಲೆ ಲೆಕ್ಕ ಹಾಕಬೇಕು. ಕೆಲಸದಲ್ಲಿದ್ದಾಗ ನಾನೇ ತುಂಬಿದ ಖಾನೆಗಳು. ಇದನ್ನು ಮೋಸ ಅನ್ನಲು ನಾಲಿಗೆ ಏಳುವುದಿಲ್ಲ. ಒಂದು ವೆಬ್‌ಪೇಜ್ ತೆರೆಯಲು ಎರಡು ಸೆಕೆಂಡು ಪೂರ್ತಿ ವೇಗ ಸಿಕ್ಕರೆ ಸಾಕು. ಇರುವ ಸ್ವಲ್ಪವನ್ನು ಹತ್ತು ಮನೆಗೆ ಹಂಚುವ ಜಾಣತನ ಅದು. ತಮಾಷೆ ಏನೆಂದರೆ ಸ್ಪೀಡ್‌ಟೆಸ್ಟ್ ಒಂದೊಂದು ದಿಕ್ಕಿಗೆ ಹತ್ತು ಹದಿನೈದು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಇವರ ಔದಾರ್ಯವೂ ಹದಿನಾಲ್ಕು ಸೆಕೆಂಡಿನದು. ಕಾಕತಾಳೀಯ ಅಂದುಕೊಳ್ಳೋಣ.

ಸರಿ, ಹೊರಗಿನವರ ಕೊಳಗಗಳು ಬೇರೆ ಇವೆಯಲ್ಲ, ಅವುಗಳಲ್ಲಿ ಅಳೆಯೋಣ ಅಂತ ಒಂದೊಂದಾಗಿ ತೆಗೆದೆ. ಫಾಸ್ಟ್.ಕಾಮ್ ಅನ್ನುವುದು ನೆಟ್‌ಫ್ಲಿಕ್ಸಿನವರು 2016ರಲ್ಲಿ ಬಿಟ್ಟದ್ದು. ಅದರ ಉಪಾಯ ಚಂದ ಇದೆ: ಪರೀಕ್ಷೆಯ ಫೈಲುಗಳು ಸಿನಿಮಾ ಬರುವ ಸರ್ವರುಗಳಿಂದಲೇ ಬರುತ್ತವೆ, ಹಾಗಾಗಿ ಪರೀಕ್ಷೆಗೆ ಮಾತ್ರ ದಾರಿ ಬಿಟ್ಟು ಸಿನಿಮಾ ತಡೆಯುವುದು ಕಂಪನಿಗಳಿಗೆ ಕಷ್ಟ. ಆದರೆ ನೆಟ್‌ಫ್ಲಿಕ್ಸ್ ತನ್ನ ಸಿನಿಮಾ ತುಂಬಿದ ಪೆಟ್ಟಿಗೆಗಳನ್ನು ಇಂಟರ್ನೆಟ್ ಕಂಪನಿಗಳ ಕಟ್ಟಡದೊಳಗೇ ಇಡುತ್ತದೆ. ನನಗೆ 88 ತೋರಿಸಿತು. ಡೇಟಾ ಹಿಡಿಯುವ ದಾರಿ ತೋರಿಸುವ ಟ್ರೇಸ್‌ರೂಟ್ ಹಾಕಿದರೆ ಮೂರೇ ಹೆಜ್ಜೆ, 9 ಮಿಲಿಸೆಕೆಂಡ್. ಮತ್ತೆ ಅದೇ ಅಂಗಳ. ನೆಟ್‌ಫ್ಲಿಕ್ಸ್ ನೋಡುವವರಿಗೆ ಇದು ಸತ್ಯವಾದ ಅಂಕಿ. ನನಗೆ ಬೇಕಾದ ಸತ್ಯ ಬೇರೆ.

ಎಂ-ಲ್ಯಾಬ್ ಅನ್ನುವ ಅಳತೆಯ ಯೋಜನೆಯ ಮೇಲೆ ನನಗೆ ಹೆಚ್ಚು ಗೌರವ. 2009ರಲ್ಲಿ ಗೂಗಲ್, ಅಮೆರಿಕದ ಒಂದು ಸಾರ್ವಜನಿಕ ನೀತಿ ಸಂಸ್ಥೆ ಮತ್ತು ಹಲವು ಸಂಶೋಧಕರು ಸೇರಿ ಶುರುಮಾಡಿದ್ದು. ಸರ್ವರುಗಳನ್ನು ಬೇಕೆಂದೇ ಗಿರಾಕಿಯ ಕಂಪನಿಯ ಹೊರಗೆ ಇಡುತ್ತಾರೆ, ಬಂದ ಅಂಕಿಗಳನ್ನೆಲ್ಲ ಯಾರು ಬೇಕಾದರೂ ನೋಡುವ ಹಾಗೆ ಬಯಲಿಗೆ ಹಾಕುತ್ತಾರೆ. ಅದರ ಎನ್‌ಡಿಟಿ ಪರೀಕ್ಷೆ ಒಂದೇ ಸಂಪರ್ಕ ತೆರೆದು ಅಳೆಯುತ್ತದೆ. ಸ್ಪೀಡ್‌ಟೆಸ್ಟ್ ಒಟ್ಟಿಗೇ ಹಲವು ತೆರೆಯುತ್ತದೆ. ಒಂದು ತೂಬು ತೆಗೆದು ಕೆರೆಯ ನೀರು ಅಳೆಯುವುದಕ್ಕೂ ಎಂಟು ತೂಬು ತೆಗೆದು ಅಳೆಯುವುದಕ್ಕೂ ಇರುವಷ್ಟು ವ್ಯತ್ಯಾಸ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಇಷ್ಟು ಶುದ್ಧವಾಗಿರುವ ಎಂ-ಲ್ಯಾಬ್ ಕೂಡ 2014ರಲ್ಲಿ ಬೇಸ್ತು ಬಿತ್ತು. ಅಮೆರಿಕದಲ್ಲಿ ಕಾಜೆಂಟ್ ಅನ್ನುವ ಸಗಟು ಸಂಪರ್ಕದ ಕಂಪನಿಯ ದಾರಿಗಳು ನೆಟ್‌ಫ್ಲಿಕ್ಸ್ ದಟ್ಟಣೆಯಲ್ಲಿ ಕಟ್ಟಿಕೊಂಡಿದ್ದವು. ಕಾಜೆಂಟ್ ದಟ್ಟಣೆಯನ್ನು ಎರಡು ಸಾಲು ಮಾಡಿ, ಚಿಲ್ಲರೆ ಗಿರಾಕಿಗಳನ್ನು ಮುಂದೆ ಬಿಟ್ಟು ಸಗಟಿನವರನ್ನು ಹಿಂದೆ ನಿಲ್ಲಿಸಿತು. ಎಂ-ಲ್ಯಾಬ್‌ನ ಸರ್ವರುಗಳು ಮುಂದಿನ ಸಾಲಿಗೆ ಬಿದ್ದವು. ಗ್ರಾಫು ಇದ್ದಕ್ಕಿದ್ದಂತೆ ಚೇತರಿಸಿಕೊಂಡಿತು, ಹಿಂದಿನ ಸಾಲಿನವರ ಪಾಡು ಹಾಗೇ ಇತ್ತು. ಆ ವರ್ಷದ ಕೊನೆಗೆ ಸಂಗತಿ ಹೊರಬಿತ್ತು. ಅಳೆಯುವವರು ಯಾರ ಹಂಗಿನಲ್ಲೂ ಇರಲಿಲ್ಲ, ಲೆಕ್ಕವೆಲ್ಲ ಬಯಲಲ್ಲೇ ಇತ್ತು. ಆದರೂ ನಡುದಾರಿಯಲ್ಲಿ ನಿಂತ ಮೂರನೆಯವನು ಕೊಳಗದ ತಳ ಬದಲಿಸಿದ್ದು ತಿಂಗಳುಗಟ್ಟಲೆ ಗೊತ್ತಾಗಲಿಲ್ಲ.

ನಮ್ಮಲ್ಲೇ ನಡೆದ ಜಗಳ ಇನ್ನೂ ಸ್ವಾರಸ್ಯದ್ದು. 2017ರಲ್ಲಿ ಏರ್‌ಟೆಲ್ ತಾನು ಅಧಿಕೃತವಾಗಿ ಭಾರತದ ಅತಿ ವೇಗದ ನೆಟ್‌ವರ್ಕ್ ಅಂತ ಊಕ್ಲಾ ಹೆಸರು ಹೇಳಿ ಜಾಹೀರಾತು ಕೊಟ್ಟಿತು. ಜಿಯೋ ಜಾಹೀರಾತು ಮಂಡಳಿ ಎಎಸ್‌ಸಿಐಗೆ ದೂರು ಕೊಂಡೊಯ್ದಿತು. ಎರಡು ಸಿಮ್ಮಿನ ಫೋನುಗಳಲ್ಲಿ ಡೇಟಾ ಹರಿಯುವುದು ಒಂದರಲ್ಲಿ, ಲೆಕ್ಕಕ್ಕೆ ಹೋಗುವುದು ಇನ್ನೊಂದರ ಹೆಸರಿಗೆ ಅನ್ನುವುದು ಜಿಯೋ ವಾದಗಳಲ್ಲಿ ಒಂದು. ಊಕ್ಲಾ ತನ್ನ ಲೆಕ್ಕ ಸರಿ ಅಂದಿತು. ಎಎಸ್‌ಸಿಐ ಮಾತ್ರ ಜಾಹೀರಾತು ದಾರಿ ತಪ್ಪಿಸುವಂಥದ್ದು, ತಿದ್ದಿ ಇಲ್ಲವೇ ತೆಗೆಯಿರಿ ಅಂದಿತು. ಅದೇ ಹೊತ್ತಿಗೆ ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್‌ನ ಮೈಸ್ಪೀಡ್ ಆ್ಯಪಿನ ಪಟ್ಟಿಯಲ್ಲಿ ಮೇಲಿದ್ದದ್ದು ಜಿಯೋ. ಒಂದೇ ದೇಶ, ಹೆಚ್ಚುಕಡಿಮೆ ಒಂದೇ ಕಾಲ, ಎರಡು ಕೊಳಗ, ಇಬ್ಬರು ಗೆದ್ದವರು. ನನಗೆ ಇದರಲ್ಲಿ ಕಾಣುವುದು ಸಿಮ್ಮಿನ ಗೊಂದಲಕ್ಕಿಂತ ವ್ಯಾಪಾರ. ನಮ್ಮಂಥವರಿಗೆ ಪರೀಕ್ಷೆ ಪುಕ್ಕಟೆ. ನಮ್ಮ ಪರೀಕ್ಷೆಗಳಿಂದ ಕೂಡಿಬಂದ ಮಾಹಿತಿಯನ್ನು ದುಡ್ಡು ಕೊಟ್ಟು ಕೊಳ್ಳುವವರಲ್ಲಿ ಅದೇ ಟೆಲಿಕಾಂ ಕಂಪನಿಗಳಿವೆ. ಪರೀಕ್ಷೆ ಬರೆದವನೇ ಮೌಲ್ಯಮಾಪಕರ ಗಿರಾಕಿ. ಮೌಲ್ಯಮಾಪಕ ಪ್ರಾಮಾಣಿಕನೇ ಇರಬಹುದು, ಆದರೂ ಆ ಸಂಬಂಧ ಇರಿಸುಮುರಿಸಿನದು.

ಸರ್ಕಾರವೇ ಅಳೆದರೆ? ಅಮೆರಿಕದ ಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ 2011ರಿಂದ ಅದನ್ನು ಮಾಡಿತು, ಸ್ಯಾಮ್‌ನೋಸ್ ಎಂಬ ಬ್ರಿಟಿಷ್ ಕಂಪನಿಯ ಬಿಳಿ ಪೆಟ್ಟಿಗೆಗಳನ್ನು ಸಾವಿರಾರು ಮನೆಗಳಿಗೆ ಕೊಟ್ಟು. ಮನೆಯವರು ನೆಟ್ ಬಳಸದ ಹೊತ್ತು ನೋಡಿ ಪೆಟ್ಟಿಗೆ ತಾನೇ ಅಳೆಯುತ್ತದೆ. ವೈಫೈ ತಗಾದೆಯೇ ಇಲ್ಲ. ನಾನು ಕಂಡ ಏರ್ಪಾಡುಗಳಲ್ಲೇ ಅಚ್ಚುಕಟ್ಟಾದದ್ದು. ಅದರಲ್ಲೂ ಒಂದು ತೊಡಕು: ಯಾವ ಮನೆ ಯಾವ ಪ್ಲಾನಿನಲ್ಲಿದೆ ಅಂತ ತಾಳೆ ನೋಡಿ ಹೇಳಬೇಕಾದವರು ಇಂಟರ್ನೆಟ್ ಕಂಪನಿಗಳೇ. ಅಂದರೆ ಪೆಟ್ಟಿಗೆ ಯಾರ ಮನೆಯಲ್ಲಿದೆ ಅಂತ ಅವರಿಗೆ ಗೊತ್ತು. ಪರೀಕ್ಷಕ ಯಾರ ಮನೆಗೆ ಬರುತ್ತಾನೆ ಅಂತ ಮೊದಲೇ ತಿಳಿಸಿ ಪರೀಕ್ಷೆ ಇಟ್ಟ ಹಾಗೆ.

ಕೊನೆಗೆ ನನ್ನದೇ ಕೊಳಗ ಮಾಡಿಕೊಂಡೆ. ಮುಂಬೈನ ಒಂದು ಡೇಟಾ ಸೆಂಟರಿನಲ್ಲಿ ತಿಂಗಳಿಗೆ ಸುಮಾರು ಐನೂರು ರೂಪಾಯಿಗೆ ಸಣ್ಣ ಸರ್ವರ್ ಬಾಡಿಗೆ ಹಿಡಿದೆ. ಇಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಒಂದನ್ನು ಡಬ್ಬಿಗೆ ವೈರಿನಲ್ಲಿ ಕಟ್ಟಿದೆ. ಗಂಟೆಗೊಮ್ಮೆ, ಪ್ರತಿ ಸಲ ಬೇರೆ ನಿಮಿಷಕ್ಕೆ, ಒಂದು ದೊಡ್ಡ ಫೈಲು ಇಳಿಸು, ಇನ್ನೊಂದು ಏರಿಸು, ಮೊದಲ ಇಪ್ಪತ್ತು ಸೆಕೆಂಡು ಲೆಕ್ಕಕ್ಕೆ ಹಿಡಿಯಬೇಡ. ಹೊರಗಿನಿಂದ ನೋಡುವವರಿಗೆ ಅದು ಯಾರೋ ಫೈಲು ಎಳೆಯುತ್ತಿರುವ ಹಾಗೆ ಕಾಣುತ್ತದೆ; ಪರೀಕ್ಷೆ ಅಂತ ಹಣೆಯ ಮೇಲೆ ಬರೆದಿರುವುದಿಲ್ಲ. ಐದು ವಾರ ಬಿಟ್ಟೆ. ಬೆಳಗಿನ ಜಾವ ಐದಕ್ಕೆ 60ರ ಮೇಲೆ, ರಾತ್ರಿ ಒಂಬತ್ತಕ್ಕೆ ಇಳಿಕೆ 14, ಏರಿಕೆ ಎರಡೋ ಮೂರೋ. ಕ್ರಿಕೆಟ್ ಇದ್ದ ರಾತ್ರಿಗಳು ಗ್ರಾಫ್ ನೋಡಿದರೆ ಗೊತ್ತಾಗುತ್ತಿದ್ದವು. ಸಾಗರದಿಂದ ಹೊರಗೆ ಹೋಗುವ ಇವರ ಕೊಳವೆಯೇ ಕಿರಿದು, ಮನೆಗಳು ಹೆಚ್ಚಾಗಿವೆ, ಅಷ್ಟೇ ಕತೆ.

ಇದಾದರೂ ಪಕ್ಷಪಾತವಿಲ್ಲದ್ದೇ ಅಂದರೆ, ಇಲ್ಲ. ನಾನು ಸಿಟ್ಟಿನಲ್ಲಿರುವ ಗಿರಾಕಿ. ಮುಂಬೈ ಆರಿಸಿದವಳು ನಾನು. ಆ ಡೇಟಾ ಸೆಂಟರಿನ ಬಾಗಿಲಲ್ಲಿ ದಟ್ಟಣೆಯಾದರೂ ಬೈಸಿಕೊಳ್ಳುವವನು ನನ್ನ ಕೇಬಲ್ ಹುಡುಗ. ಮೂರನೆಯ ವಾರ ಎರಡು ದಿನ ಪೂರ್ತಿ ಒಂಬತ್ತರ ಮೇಲೆ ಏಳಲೇ ಇಲ್ಲ. ಬೈಯಲು ಫೋನ್ ಎತ್ತಿಕೊಂಡವಳು ಯಾಕೋ ಅಟ್ಟ ಹತ್ತಿ ನೋಡಿದೆ. ಲ್ಯಾನ್ ವೈರನ್ನು ಇಲಿ ಕಡಿದಿತ್ತು. ನೂರರ ಸಂಪರ್ಕ ಹತ್ತಕ್ಕೆ ಇಳಿದು ಕೂತಿತ್ತು. ಆ ಎರಡು ದಿನವನ್ನು ಗ್ರಾಫಿನಿಂದ ತೆಗೆದೆ. ತೆಗೆಯುವಾಗ ಅನ್ನಿಸಿತು, ನನ್ನ ಕಡೆಯ ಕಾರಣ ಹುಡುಕಲು ನಾನು ಅಟ್ಟ ಹತ್ತಿದ್ದು ಐದು ವಾರದಲ್ಲಿ ಆ ಒಂದೇ ಸಲ.

ಮೊನ್ನೆ ಹುಡುಗ ದುಡ್ಡು ಕೇಳಲು ಬಂದಾಗ ಗ್ರಾಫು ತೋರಿಸಿದೆ. ಬೆಳಿಗ್ಗೆಯ ಗುಡ್ಡ, ರಾತ್ರಿಯ ಹೊಂಡ, ಮೂವತ್ಮೂರು ದಿನ, ಒಂದರ ಪಕ್ಕ ಒಂದು. ಅವನಿಗೆ ತಕ್ಷಣ ಅರ್ಥವಾಯಿತು, ನನಗಿಂತ ಬೇಗ. "ಇದು ನಮ್ ಟಿವಿ ಟೈಮ್ ಅಲ್ವಾ" ಅಂದ. ಪರದೆಯ ಫೋಟೋ ಹೊಡೆದು ಆಫೀಸಿಗೆ ಕಳಿಸಿದ. ಅಂಗಳಕ್ಕೆ ಇಳಿದು, ಹಲಸಿನ ಮರದ ಕೆಳಗೆ ನಿಂತು, ಹತ್ತು ನಿಮಿಷ ಯಾರ ಜೊತೆಯೋ ಮಾತಾಡಿದ. ಕೈ ಆಡಿಸುತ್ತಿದ್ದ ರೀತಿ ನೋಡಿದರೆ ನನ್ನ ಪರವಾಗಿಯೇ ವಾದಿಸುತ್ತಿದ್ದ. ವಾಪಸು ಬಂದಾಗ ಮುಖ ಅರಳಿತ್ತು.

"ಆಯ್ತು ಅಕ್ಕಾ. ನಮ್ ಸಾರ್ ಕೇಳ್ತಿದ್ರು, ನಿಮ್ಮ ಆ ಬಾಂಬೆ ಮಶೀನಿಂದು ಐಪಿ ನಂಬರ್ ಎಂತದು ಅಂತ. ಅದೊಂದನ್ನ ಫುಲ್ ಸ್ಪೀಡಿನ ಲಿಸ್ಟಿಗೆ ಸೇರಿಸ್ತಾರಂತೆ. ಇವತ್ತೇ ಆಗ್ತದೆ ಅಂದ್ರು."

ಜಗಲಿಯಲ್ಲಿ ಅಡಿಕೆ ಸುಲಿಯುವ ಸದ್ದು ನಿಂತಿತು.